ಗೊತ್ತಿಲ್ಲ ಎನ್ನುವ ಮಾತು ನಿಜವಾದದ್ದು

ಮದುವೆ ಮಾತು ಶುರುವಾಯಿತೆಂದರೆ ನಮ್ಮ ಬಳ್ಳಾರಿ ಕಡೆಯ ಜನ ಮೂರು ಕಡೆ ವಿಚಾರಿಸುತ್ತಾರೆ. ಮೊದಲು ಹುಡುಗಿಯ ಓಣಿಯಲ್ಲಿ, ಆಮೇಲೆ ಅಯ್ಯನವರ ಹತ್ತಿರ, ಕೊನೆಗೆ ಆಸ್ಪತ್ರೆಯಲ್ಲಿ ಕೆಲಸ ಮಾಡುವ ನೆಂಟರ ಹತ್ತಿರ. ಓಣಿಯವರು ಹೊಟ್ಟೆಕಿಚ್ಚಿಗೆ ಸುಳ್ಳು ಹೇಳಬಹುದು, ಅಯ್ಯನವರು ದಕ್ಷಿಣೆ ನೋಡಿ ಹೇಳಬಹುದು, ಆದರೆ ಆಸ್ಪತ್ರೆಯ ಕಾಗದ ಸುಳ್ಳು ಹೇಳುವುದಿಲ್ಲ ಎಂಬುದು ಎಲ್ಲರ ನಂಬಿಕೆ. ಆ ಮೂರನೆಯ ಬಾಗಿಲಲ್ಲಿ ನಾನು ಕೂತಿದ್ದೆ.

ನನ್ನ ಹೆಸರು ಸರ್ವಮಂಗಳ. ಬಳ್ಳಾರಿಯ ಒಂದು ಧರ್ಮಾರ್ಥ ಮಾನಸಿಕ ಆಸ್ಪತ್ರೆಯಲ್ಲಿ ರೋಗಿಗಳ ದಾಖಲೆ ನೋಡಿಕೊಳ್ಳುವುದು ನನ್ನ ಕೆಲಸವಾಗಿತ್ತು. ಸಿರುಗುಪ್ಪದಲ್ಲಿ ಒಂದು, ಕುರುಗೋಡಿನಲ್ಲಿ ಒಂದು ಸಣ್ಣ ಚಿಕಿತ್ಸಾಲಯ ನಮ್ಮ ಆಸ್ಪತ್ರೆಗೆ ಸೇರಿದ್ದವು. ಈಗ ಈ ಕೆಲಸಕ್ಕೆ ಸೇರುತ್ತಿರುವ ಮಕ್ಕಳು ಆಗಾಗ ಮನೆಗೆ ಬಂದು, "ಮೇಡಂ, ನಿಮ್ಮ ಕಾಲದಾಗ ಹೆಂಗಿತ್ತು?" ಎಂದು ಕೇಳುತ್ತಾರೆ. ಅವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಆಸ್ಪತ್ರೆಯ ಹೆಸರು ಬರೆಯುವುದಿಲ್ಲ. ಇಲ್ಲಿ ಬರುವ ಜನರ ಹೆಸರುಗಳನ್ನು ಬದಲಿಸಿದ್ದೇನೆ. ಅದು ಸಾಲದೆಂದು, ಯಾರ ಸಂಗತಿ ಇಲ್ಲಿ ಬರುತ್ತದೋ ಆ ಮೂವರನ್ನು ಕೇಳಿ, ಅವರು ಬರೆಯಿರಿ ಅಂದ ಮೇಲೆಯೇ ಕೂತಿದ್ದೇನೆ. ಕೆಲಸದಲ್ಲಿದ್ದಷ್ಟು ಕಾಲ ಬಾಯಿ ಹೊಲಿದುಕೊಂಡಿದ್ದವಳು ಪಿಂಚಣಿ ಬಂದ ಕೂಡಲೇ ಬಾಯಿ ಬಿಟ್ಟಳು ಅನ್ನಿಸಿಕೊಳ್ಳಬಾರದಲ್ಲ!

ನಾನು ಸೇರಿದಾಗ ಎಲ್ಲವೂ ಕಾಗದ. ಒಂದು ಉದ್ದನೆಯ ಕೋಣೆ, ಕಬ್ಬಿಣದ ರ‍್ಯಾಕುಗಳು, ಅವುಗಳ ತುಂಬ ದಾರ ಕಟ್ಟಿದ ಕಡತಗಳು. ಬೇಸಿಗೆಯಲ್ಲಿ ಆ ಕೋಣೆಯ ಬಿಸಿಗೆ ಇಲಿಗಳೇ ಹೊರಗೆ ಬಂದು ಮಲಗುತ್ತಿದ್ದವು. ಬಾಗಿಲಿಗೆ ಬೀಗ ಇತ್ತು. ಬೀಗದ ಕೈ ಬಾಗಿಲ ಪಕ್ಕದ ಮೊಳೆಗೆ ತೂಗುತ್ತಿತ್ತು. ಯಾರು ಬೇಕಾದರೂ ಬರಬಹುದು, ಯಾವ ಕಡತ ಬೇಕಾದರೂ ಬಿಚ್ಚಬಹುದು. ಹೀಗಾಗಿ ನಮ್ಮ ಹತ್ತಿರ ವಿಚಾರಣೆಗೆ ಬರುವವರ ಸಾಲು ಮದುವೆ ಸೀಸನ್‌ನಲ್ಲಿ ರೋಗಿಗಳ ಸಾಲಿಗಿಂತ ಉದ್ದವಿರುತ್ತಿತ್ತು ಅಂದರೆ ಸ್ವಲ್ಪವೇ ಹೆಚ್ಚಾಗಿ ಹೇಳಿದಂತೆ.

ಆಗ ನಮಗೆ ಒಬ್ಬ ಹಿರಿಯ ಡಾಕ್ಟರಮ್ಮ ಇದ್ದರು. ಸಿಟ್ಟು ಮೂಗಿನ ತುದಿಯಲ್ಲಿ. ಅವರಿಂದ ನಾನು ಕಲಿತದ್ದನ್ನು ಯಾವ ತರಬೇತಿಯಲ್ಲೂ ಕಲಿಸಲಿಲ್ಲ. ನಮ್ಮ ಕೋಣೆಯಲ್ಲಿ ಒಂದು ರೂಢಿಯಿತ್ತು: ಚಿಕಿತ್ಸೆಗೆ ಬಂದವರ ಬಗ್ಗೆ ಯಾರಾದರೂ ಕೇಳಿದರೆ "ಗೊತ್ತಿಲ್ಲ" ಅನ್ನುವುದು, ಬಾರದವರ ಬಗ್ಗೆ ಕೇಳಿದರೆ "ಛೆ ಛೆ, ಅವರು ಈ ಕಡೆ ತಲೆ ಹಾಕಿಲ್ಲ" ಎಂದು ಖುಷಿಯಿಂದ ಹೇಳುವುದು. ಒಳ್ಳೆಯದನ್ನು ಹೇಳಿದರೆ ತಪ್ಪೇನು ಎಂದು ನಮ್ಮ ಲೆಕ್ಕ. ಒಂದು ದಿನ ಅದು ಡಾಕ್ಟರಮ್ಮನ ಕಿವಿಗೆ ಬಿತ್ತು.

"ಏನ್ರವ್ವಾ, ಬಾರದವರಿಗೆ 'ಬಂದಿಲ್ಲ' ಅಂತೀರಿ, ಬಂದವರಿಗೆ 'ಗೊತ್ತಿಲ್ಲ' ಅಂತೀರಿ. ಹಂಗಾದ್ರ ನಿಮ್ಮ 'ಗೊತ್ತಿಲ್ಲ' ಅಂದ್ರ ಏನಾತು? 'ಹೌದು' ಅಂತಾನಾ ಆತಲ್ಲ! ಇದಕ್ಕಿಂತ ಮೈಕ್ ಹಿಡ್ಕೊಂಡು ಮೋತಿ ಸರ್ಕಲ್‌ನಾಗ ನಿಂದ್ರೂದು ಬೇಸು."

ಅಂದಿನಿಂದ ಕೋಣೆಯಲ್ಲಿ ಒಂದೇ ಉತ್ತರ. ಬಂದವರಿಗೂ ಗೊತ್ತಿಲ್ಲ, ಬಾರದವರಿಗೂ ಗೊತ್ತಿಲ್ಲ, ಸ್ವಂತ ತಮ್ಮನ ಬಗ್ಗೆ ಕೇಳಿದರೂ ಗೊತ್ತಿಲ್ಲ. ಆದರೆ ನನ್ನ ಮಟ್ಟಿಗೆ ಅದು ಸುಳ್ಳೇ ಆಗಿತ್ತು. ನನಗೆ ಗೊತ್ತಿರುತ್ತಿತ್ತು. ಕಡತ ಜೋಡಿಸುವಾಗ ಕಣ್ಣಿಗೆ ಬೀಳದೆ ಇರುತ್ತದೆಯೇ? ಸಂತೆಯಲ್ಲಿ ಎದುರಾದವರ ಮುಖ ನೋಡಿದರೆ ಅವರ ಕಡತದ ಸಾಲುಗಳು ನೆನಪಾಗುತ್ತಿದ್ದವು. ಅವರೂ ನನ್ನನ್ನು ಕಂಡರೆ ತರಕಾರಿ ಆರಿಸುವುದನ್ನು ಬಿಟ್ಟು ಮುಂದಿನ ಅಂಗಡಿಗೆ ಹೋಗುತ್ತಿದ್ದರು. ನಮ್ಮ ಕೆಲಸದಲ್ಲಿ ನನಗೆ ನಿಜಕ್ಕೂ ನೋವು ಕೊಟ್ಟದ್ದು ಅದೇ. ಊರಿನ ನೋವೆಲ್ಲ ನನ್ನ ತಲೆಯಲ್ಲಿತ್ತು, ಊರಿನವರು ನನ್ನ ತಲೆಗೆ ಹೆದರುತ್ತಿದ್ದರು.

ಆಮೇಲೆ ಕಂಪ್ಯೂಟರ್ ಬಂತು. ಇನ್ನು ಗುಟ್ಟು ಭದ್ರ ಎಂದುಕೊಂಡೆವು. ಮೂರೂ ಕಡೆ ಎಲ್ಲ ಸಿಬ್ಬಂದಿಗೂ ಒಂದೇ ಪಾಸ್‌ವರ್ಡ್; ಅದೂ ದೇವರ ಹೆಸರು, ಮುಂದೆ ಒಂದು ಎರಡು ಮೂರು. ಸಿರುಗುಪ್ಪದವರು ಅದನ್ನು ಚೀಟಿಯಲ್ಲಿ ಬರೆದು ಕಂಪ್ಯೂಟರಿನ ಹಣೆಗೆ ಅಂಟಿಸಿದ್ದರು. ಕೇಳಿದರೆ, "ದೇವರ ಹೆಸರು ಕಣ್ಣಿಗೆ ಬಿದ್ರ ಒಳ್ಳೇದಲ್ರೀ ಮೇಡಂ" ಎಂದರು. ಮೊಳೆಗೆ ತೂಗುತ್ತಿದ್ದ ಬೀಗದ ಕೈಗೂ ಇದಕ್ಕೂ ವ್ಯತ್ಯಾಸವೇನು ಹೇಳಿ.

ಒಂದು ದಿನ ಆಡಳಿತ ಮಂಡಳಿಯವರು ದಾಖಲೆಗಳನ್ನೆಲ್ಲ ಇನ್ನು ಕ್ಲೌಡಿನಲ್ಲಿ ಇಡುವುದೆಂದು ತೀರ್ಮಾನಿಸಿದರು. ಅಂದರೆ ನಮ್ಮ ಕಂಪ್ಯೂಟರಿನಲ್ಲಿ ಅಲ್ಲ, ದೂರದಲ್ಲೆಲ್ಲೋ ಒಂದು ಕಂಪನಿಯ ದೊಡ್ಡ ಯಂತ್ರಗಳಲ್ಲಿ ಬಾಡಿಗೆ ಜಾಗ ಹಿಡಿದು ಇಡುವುದು. ನಮ್ಮವರಿಗೆ ನಗಲು ಅಷ್ಟು ಸಾಕಾಯಿತು.

"ಮೋಡದಾಗ ಇಡ್ತಾರಂತ! ಬಳ್ಳಾರ್ಯಾಗ ಮೋಡ ಎಲ್ಲಿ ಐತಿ?" ಎಂದು ಒಬ್ಬರು. "ಇದ್ರೂ ಕಷ್ಟ, ಮಳಿ ಬಂದ್ರ ಎಲ್ಲಾರ ರೋಗ ಊರ ಮ್ಯಾಲ ಸುರೀತೈತಿ" ಎಂದು ಇನ್ನೊಬ್ಬರು.

ನಾನು ನಗಲಿಲ್ಲ. ನನಗೆ ಭಯವಾಗಿತ್ತು. ನಮ್ಮ ಕೋಣೆಯಲ್ಲಿದ್ದರೆ ಇಲಿ ನೋಡುತ್ತದೆ, ಹೆಚ್ಚೆಂದರೆ ಜವಾನ ನೋಡುತ್ತಾನೆ. ಯಾರದೋ ಊರಿನ ಯಂತ್ರದಲ್ಲಿಟ್ಟರೆ ಯಾರು ಯಾರು ನೋಡುತ್ತಾರೆ? ಇದನ್ನು ನಮ್ಮ ಕಂಪ್ಯೂಟರ್ ಕೆಲಸ ನೋಡಿಕೊಳ್ಳುತ್ತಿದ್ದ ರಫೀಕ್ ಸಾಹೇಬರನ್ನು ಕೇಳಿದೆ. ಕೌಲ್ ಬಜಾರಿನವರು, ಮಾತು ಕಡಿಮೆ, ಚಹಾ ಜಾಸ್ತಿ. ಅವರು ತಮ್ಮ ಕಂಪ್ಯೂಟರ್ ನನ್ನ ಕಡೆ ತಿರುಗಿಸಿ, "ನಿಮ್ಮ ಹೆಸರು ಬರೀರಿ ಅಮ್ಮಾರೆ" ಎಂದರು. ಬರೆದೆ. ಒಂದು ಗುಂಡಿ ಒತ್ತಿದರು. ನನ್ನ ಹೆಸರಿದ್ದ ಕಡೆ ಅಂಕಿ, ಅಕ್ಷರ, ಚುಕ್ಕಿ, ಗೆರೆ ಎಲ್ಲ ಕಲಸಿದ ಒಂದು ಉದ್ದನೆಯ ಸಾಲು ಬಂತು.

"ಇದಾ ನೀವು. ಕಂಪನಿಯವರ ಯಂತ್ರಕ್ಕ ಹೋಗೂದು ಇಷ್ಟಾ. ನಮ್ಮ ಬಾಗಿಲು ದಾಟೂ ಮೊದ್ಲಾ ಹಿಂಗಾಗಿ ಹೋಗ್ತೈತಿ. ಅವರು ರಾತ್ರಿ ಹಗಲು ಕುಂತು ನೋಡಿದ್ರೂ ಇದರಾಗ ಸರ್ವಮಂಗಳಮ್ಮ ಕಾಣಂಗಿಲ್ಲ. ಜಾಗ ಅವರ್ದು, ಕೀಲಿ ನಮ್ದು."

ಎನ್‌ಕ್ರಿಪ್ಷನ್ ಎಂಬ ಶಬ್ದವನ್ನು ಆಮೇಲೆ ಎಷ್ಟೋ ಉಪನ್ಯಾಸಗಳಲ್ಲಿ ಕೇಳಿದ್ದೇನೆ. ನನಗೆ ಅರ್ಥವಾದದ್ದು ಮಾತ್ರ ಅವತ್ತು, ನನ್ನ ಹೆಸರು ನನ್ನ ಕಣ್ಣೆದುರೇ ಕಾಣೆಯಾದಾಗ. ಇನ್ನೊಂದು ಗುಂಡಿ ಒತ್ತಿದರು, ಹೆಸರು ಮರಳಿ ಬಂತು. ನಾನು ಹೋದ ಜೀವ ಬಂದಂತೆ ಉಸಿರು ಬಿಟ್ಟೆ. ರಫೀಕ್ ಸಾಹೇಬರು ನಕ್ಕರು.

ಹಾಗಾದರೆ ಆ ಕೀಲಿ ಯಾರ ಹತ್ತಿರ ಇರಬೇಕು? ಈ ಪ್ರಶ್ನೆಗೆ ಸಭೆಯ ಮೇಲೆ ಸಭೆ ನಡೆದವು. ಈಗ ಚಿಕಿತ್ಸೆ ಪಡೆಯುತ್ತಿರುವವರ ಕಡತ ಅವರ ಡಾಕ್ಟರಿಗೆ ಮಾತ್ರ ಕಾಣಬೇಕು ಎಂಬುದಕ್ಕೆ ಯಾರ ತಕರಾರೂ ಇರಲಿಲ್ಲ. ಚಿಕಿತ್ಸೆ ಮುಗಿಸಿ ಹೋದವರದ್ದೇ ತೊಡಕು. ಜನ ವಿಚಾರಿಸಲು ಬರುವುದೇ ಅವರ ಬಗ್ಗೆ. ನಾನು ನಮ್ಮ ತವರಿನ ಪದ್ಧತಿ ಹೇಳಿದೆ. ನಮ್ಮೂರಲ್ಲಿ ಅಮ್ಮನವರ ಒಡವೆ ಪೆಟ್ಟಿಗೆಗೆ ಎರಡು ಕೀಲಿ. ಎರಡು ಮನೆಯವರ ಹತ್ತಿರ ಒಂದೊಂದು. ಆ ಎರಡು ಮನೆಯವರಿಗೆ ಮಾತುಕತೆ ಇಲ್ಲದ ವರ್ಷವೂ ಇಬ್ಬರೂ ಬಂದು ನಿಂತರೇನೇ ಪೆಟ್ಟಿಗೆ ತೆರೆಯುವುದು.

"ಒಬ್ಬರ ಕೀಲಿ ಕಳದ್ರ? ಅಮ್ಮನೋರು ಬರಿ ಕೊಳ್ಳಾಗ ಇರಬೇಕೇನು?" ಎಂದು ರಫೀಕ್ ಸಾಹೇಬರು ಛೇಡಿಸಿದರು. "ನಾವು ಮೂರು ಮಾಡೂಣು. ಮೂರರಾಗ ಯಾವ್ವಾದ್ರೂ ಎರಡು ಕೂಡಿದ್ರ ತಗೀಬೇಕು. ಒಂದರಿಂದ ಆಗಬಾರ್ದು."

ಹಾಗೆಯೇ ಆಯಿತು. ಹೆಬ್ಬೆರಳಿನಷ್ಟು ಉದ್ದದ, ಪೆನ್‌ಡ್ರೈವ್ ಥರದ ಮೂರು ಸಾಧನಗಳು. ಬಳ್ಳಾರಿಯದು ನನ್ನ ಹತ್ತಿರ, ಕುರುಗೋಡಿನದು ಅಲ್ಲಿನ ನರ್ಸ್ ನಾಗರತ್ನಳ ಹತ್ತಿರ, ಸಿರುಗುಪ್ಪದ್ದು ಅಲ್ಲಿನ ಕಾಂಪೌಂಡರ್ ಎರ್ರಿಸ್ವಾಮಿಯ ಹತ್ತಿರ. ಮುಗಿದ ಕಡತ ತೆರೆಯಬೇಕೆಂದರೆ ರೋಗಿಯೇ ಬಂದು ಒಪ್ಪಬೇಕು, ಇಬ್ಬರು ಕೀಲಿಯವರು ಕೂಡಬೇಕು. ತೀರ ತುರ್ತಿದ್ದರೆ ಅಧಿಕಾರಿಯೂ ಕೇಳಬಹುದು. ಆದರೆ ತೆರೆದ ಕೂಡಲೇ ಯಾರು ಕೇಳಿದರು, ಯಾರು ತೆರೆದರು ಎಂದು ರೋಗಿಯ ಮೊಬೈಲಿಗೆ ತಾನಾಗಿ ಸಂದೇಶ ಹೋಗುತ್ತದೆ. ಇದನ್ನು ತಡೆಯುವ ಗುಂಡಿ ಯಾರ ಹತ್ತಿರವೂ ಇರಲಿಲ್ಲ. ಹೊಸ ಕಡತಗಳು ನನ್ನ ಕಣ್ಣಿಗೆ ಬೀಳುವುದು ಅವತ್ತಿಗೆ ನಿಂತಿತು. ರ‍್ಯಾಕುಗಳು ಖಾಲಿಯಾದವು, ನನ್ನ ತಲೆಯೂ ಮೆಲ್ಲಗೆ ಖಾಲಿಯಾಯಿತು. ಆ ಹಗುರ ಎಂಥದ್ದೆಂದು ಹೇಗೆ ಹೇಳಲಿ! ಸಂತೆಯಲ್ಲಿ ಯಾರೇ ಎದುರಾದರೂ ಮುಖಕ್ಕೆ ಮುಖ ಕೊಟ್ಟು ನಗುವಂತಾಯಿತು.

ಇನ್ನು ಎರ್ರಿಸ್ವಾಮಿಯ ಆಯುಧಪೂಜೆ ಹೇಳದೆ ಮುಂದೆ ಹೋಗುವಂತಿಲ್ಲ. ಭಕ್ತ ಮನುಷ್ಯ. ಆ ವರ್ಷ ಸಿರುಗುಪ್ಪದ ಚಿಕಿತ್ಸಾಲಯದಲ್ಲಿ ಬಿ.ಪಿ. ನೋಡುವ ಯಂತ್ರ, ಸ್ಟೆತಾಸ್ಕೋಪು, ಕತ್ತರಿ, ಫ್ರಿಜ್ಜು ಎಲ್ಲದಕ್ಕೂ ವಿಭೂತಿ ಪಟ್ಟೆ ಎಳೆದ. ಆಮೇಲೆ ಬೀರುವಿನಿಂದ ಕೀಲಿ ತೆಗೆದು, ತಟ್ಟೆಯ ನಡುವೆ ವೀಳ್ಯದೆಲೆಯ ಮೇಲೆ ಕೂಡಿಸಿದ. ನೀರಲ್ಲಿ ಕಲಸಿದ ವಿಭೂತಿ, ಕುಂಕುಮ ಎರಡನ್ನೂ ಅದರ ಬಾಯಿಗೇ ಹಚ್ಚಿದ. ಅದರ ಮೇಲೆಯೇ ತೆಂಗಿನಕಾಯಿ ಒಡೆದ. ಕಾಯಿ ಚೆನ್ನಾಗಿ ನೀರಿದ್ದ ಕಾಯಿ.

ನಾನು ಫೋನಿನಲ್ಲಿ ಕೂಗಾಡಿದೆ. ಅವನದು ಶಾಂತವಾದ ಉತ್ತರ: "ಎಲ್ಲಾದ್ಕಿಂತ ದೊಡ್ಡ ಆಯುಧ ಅದಾ ಅಂತ ನೀವಾ ಹೇಳೀರಲ್ರೀ ಮೇಡಂ. ಅದನ್ನ ಬಿಟ್ಟು ಕತ್ತರಿಗೆ ಪೂಜಿ ಮಾಡ್ಲೇನು?"

ಹಾಗೆ ಹೇಳಿದವಳು ನಾನೇ. ಕೀಲಿ ಮಾತ್ರ ಸತ್ತೇ ಹೋಗಿತ್ತು. ರಫೀಕ್ ಸಾಹೇಬರು ಆಗ ಮಗಳ ಹೆರಿಗೆಗೆಂದು ಗುಂತಕಲ್ಲಿನಲ್ಲಿದ್ದರು. "ಬಂದ ಮ್ಯಾಲೆ ಮೂರೂ ಹೊಸಾವು ಮಾಡ್ತೀನಿ. ಅಲ್ಲಿತನಕ ನಿಮ್ದು, ನಾಗರತ್ನಮ್ಮಂದು ಜೋಪಾನ. ಇನ್ನೊಂದು ಹೋತಂದ್ರ ಹಳೆ ಕಡತ ಒಂದೂ ತಗಿಯಾಕ ಬರೂದಿಲ್ಲ. ನನ್ನ ಕೈಲಿಂದಾನೂ ಆಗಂಗಿಲ್ಲ" ಎಂದರು. ನಾಗರತ್ನ ತನ್ನದನ್ನು ಡಬ್ಬಿಯಲ್ಲಿಟ್ಟು, ಡಬ್ಬಿಯನ್ನು ಬೀರುವಿನಲ್ಲಿಟ್ಟು, ಆ ಬೀರುವಿನ ಹತ್ತಿರ ಊದುಬತ್ತಿಯನ್ನೂ ಹಚ್ಚಬಾರದೆಂದು ಅಪ್ಪಣೆ ಮಾಡಿದಳು.

ನೀಲಮ್ಮ ಬಂದದ್ದು ಇದೇ ಸಮಯದಲ್ಲಿ. ಬಾದನಹಟ್ಟಿಯವರು, ನಮ್ಮ ಆಡಳಿತಾಧಿಕಾರಿ ಶಿವಶಂಕರಪ್ಪನವರ ಸ್ವಂತ ಅಕ್ಕ. ಹೊಲದಲ್ಲಿ ಬೆಳೆದ ಕೆಂಪು ಮೆಣಸಿನಕಾಯಿಯ ಸಣ್ಣ ಚೀಲವೊಂದನ್ನು ನನ್ನ ಮೇಜಿನ ಮೇಲಿಟ್ಟು, ಸೆರಗಿನಿಂದ ಮುಖ ಒರೆಸಿಕೊಂಡು ಕೂತರು. ಮಗ ಬಸವರಾಜ ಟ್ರ್ಯಾಕ್ಟರ್ ರಿಪೇರಿ ಅಂಗಡಿ ಇಟ್ಟಿದ್ದಾನೆ. ಸಿರಿಗೇರಿಯ ಹುಲಿಗೆಮ್ಮ ಎಂಬ ಹುಡುಗಿಯನ್ನು ನೋಡಿ ಒಪ್ಪಿದ್ದಾನೆ. ಆದರೆ ಆ ಹುಡುಗಿ ಕೆಲವು ವರ್ಷದ ಹಿಂದೆ ನಮ್ಮ ಸಿರುಗುಪ್ಪದ ಚಿಕಿತ್ಸಾಲಯದ ಬಾಗಿಲಲ್ಲಿ ನಿಂತಿದ್ದನ್ನು ನೋಡಿದ್ದೆನೆಂದು ಯಾರೋ ನೀಲಮ್ಮನ ಕಿವಿಗೆ ಹಾಕಿದ್ದಾರೆ.

"ನೋಡವ್ವಾ, ನಾ ಫೈಲ್ ಕೇಳಾಕ ಬಂದಿಲ್ಲ. ಹೌದೋ ಅಲ್ಲೋ ಅಷ್ಟಾ ಹೇಳು. ಬಾಯಿಲೆ ಹೇಳೂದು ಬ್ಯಾಡ, ತಲಿ ಆಡ್ಸಿದ್ರ ಸಾಕು."

"ನನಗ ಗೊತ್ತಿಲ್ರಿ ಅಕ್ಕಾರೆ."

"ಗೊತ್ತಿಲ್ಲ ಅಂದ್ರ ಐತಿ ಅಂತಾನಾ ಆತು. ಇಲ್ಲದಿದ್ರ ಇಲ್ಲ ಅಂತಿದ್ದಿ."

"ನಿಮ್ಮ ಮಗನ ಬಗ್ಗೆ ಯಾರಾದ್ರೂ ಬಂದು ಕೇಳಿದ್ರೂ ನಾ ಹಿಂಗಾ ಅಂತೀನ್ರಿ."

ನೀಲಮ್ಮನ ಮುಖ ಕೆಂಪಾಯಿತು. "ನನ್ನ ಮಗಗೇನಾಗೇತಿ? ಸಾವಿರ ಸುಳ್ಳು ಹೇಳಿ ಒಂದು ಮದುವಿ ಮಾಡು ಅಂತಾರ. ಆ ಸಾವಿರದಾಗ ಒಂದು ನಮ್ಮ ಮನಿಗೆ ಬಂದು ಬೀಳಬಾರ್ದು ಅಂತ ತಾಯಿ ಆದಕಿ ಕೇಳ್ತಾಳ. ನಿನಗ ಮಕ್ಕಳಿಲ್ಲೇನು?" ಎಂದು ಅತ್ತರು. ಆಕೆ ಕೆಟ್ಟವರಲ್ಲ. ಮಗನ ಬಾಳು ಕೆಡಬಾರದೆಂಬ ಭಯ ಅಷ್ಟೇ. ಆದರೂ ಮೆಣಸಿನಕಾಯಿ ಚೀಲವನ್ನು ಅವರ ಕೈಗೇ ಕೊಟ್ಟು ಕಳಿಸಿದೆ.

ಅರ್ಧ ಗಂಟೆಗೆ ಶಿವಶಂಕರಪ್ಪನವರು ನನ್ನನ್ನು ತಮ್ಮ ಕೋಣೆಗೆ ಕರೆಸಿದರು. ಗುಡುಗಿನ ಥರದ ದನಿ ಅವರದು. ಅಕ್ಕನ ಕಣ್ಣೀರು ನೋಡಿ ಇನ್ನಷ್ಟು ಏರಿತ್ತು.

"ಏನಮ್ಮಾ, ನಮ್ಮ ಮನಿತನದ ಮಾತು. ಆ ಕಡತ ತಗೀರಿ. ನಾ ಹೇಳ್ತೀನಿ."

"ತುರ್ತು ಇಲ್ದ ನಾ ತಗಿಯಂಗಿಲ್ರಿ ಸಾಹೇಬ್ರ. ತಗದ್ರ ನೀವು ಕೇಳಿದ್ರಿ ಅಂತ ನಿಮ್ಮ ಹೆಸರು ಹಾಕಬೇಕಾಗ್ತೈತಿ. ತಗದ ಕೂಡಲೇ ಆ ಹುಡುಗಿ ಮೊಬೈಲಿಗೆ ಹೋಗ್ತೈತಿ. ನಿಮ್ಮ ಹೆಸರು, ನನ್ನ ಹೆಸರು, ನಾಗರತ್ನನ ಹೆಸರು."

"ನಾಗರತ್ನ ಯಾಕ?"

"ಸಿರುಗುಪ್ಪದ ಕೀಲಿ ಕಾಯಿನೀರು ಕುಡದು ಮಲಗೇತಲ್ರೀ. ಈಗ ನಾವಿಬ್ಬರಾ ಉಳದೀವಿ."

ಅವರು ಕುರುಗೋಡಿಗೆ ಫೋನ್ ಹಚ್ಚಿದರು. ನಾಗರತ್ನಳ ದನಿ ನನ್ನವರೆಗೂ ಕೇಳಿಸಿತು. "ಆ ಹುಡುಗಿನ್ನ ಕರ್ಕೊಂಡು ಬರ್ರಿ ಸರ್. ಕೀಲಿ ಹಿಡ್ಕೊಂಡು ನಾನಾ ಓಡಿ ಬರ್ತೀನಿ. ಆಕಿ ಇಲ್ದ ಬರೂದಿಲ್ರಿ. ನಾಳೆ ಯಾರರ ನನ್ನ ಕಡತ ಕೇಳಿದ್ರ ನೀವು ತಗಿಬಾರ್ದಲ್ರೀ." ಅಷ್ಟು ಹೇಳಿ ಇಂಜೆಕ್ಷನ್ ಕೊಡುವುದಿದೆ ಎಂದು ಫೋನ್ ಇಟ್ಟೇಬಿಟ್ಟಳು.

ಸಾಹೇಬರು ಕಿಟಕಿಯಾಚೆ ಬೆಟ್ಟದ ಮೇಲಿನ ಕೋಟೆಯ ಕಡೆ ಮುಖ ಮಾಡಿದರು. ನನ್ನನ್ನು ಎಲ್ಲಿಗೆ ವರ್ಗ ಮಾಡುತ್ತಾರೋ ಎಂದು ನಾನು ಯೋಚಿಸುತ್ತಿದ್ದೆ. ತಿರುಗಿದಾಗ ಅವರ ದನಿ ಇಳಿದಿತ್ತು.

"ನಮ್ಮಕ್ಕಗ ಏನಂತ ಹೇಳ್ಲಿ?"

"ಸಾಹೇಬ್ರ ಹತ್ರಾನೂ ಕೀಲಿ ಇಲ್ಲ ಅಂತ ಹೇಳ್ರಿ. ಖರೇನಾ ಐತಲ್ರೀ."

ಅವರು ಜೋರಾಗಿ ನಕ್ಕುಬಿಟ್ಟರು. ಮಾರನೆಯ ದಿನ ನಮ್ಮ ವಿಭಾಗಕ್ಕೆಲ್ಲ ಮಂಡಕ್ಕಿ ಒಗ್ಗರಣೆ, ಮಿರ್ಚಿ ತರಿಸಿದರು. ಮಕ್ಕಳೇ, ನಿಮಗೆ ಸಿಟ್ಟಿನ ಮೇಲಧಿಕಾರಿ ಸಿಕ್ಕರೆ ಹೆದರಬೇಡಿ. ಸಿಟ್ಟು ಇಳಿದ ಮೇಲೆ ನಾಚಿಕೊಳ್ಳುವ ಗುಣ ಇದೆಯೋ ಇಲ್ಲವೋ ನೋಡಿ. ಇದ್ದರೆ ಪುಣ್ಯವಂತರು. ನಾನು ಪುಣ್ಯವಂತೆಯಾಗಿದ್ದೆ.

ಆದರೆ ನೆಮ್ಮದಿ ಬರಲಿಲ್ಲ. ಬಾದನಹಟ್ಟಿಯವರು ಮದುವೆ ಮಾತನ್ನು ನಿಲ್ಲಿಸಿದರೆಂದು ಸುದ್ದಿ ಬಂತು. "ಆಸ್ಪತ್ರ್ಯಾಗ ಕೇಳಿದ್ರ ಬಾಯಿ ಬಿಡ್ಲಿಲ್ಲಂತ" ಎಂಬ ಮಾತು ಊರಿಂದೂರಿಗೆ ನಡೆದಿತ್ತು. ನಾನು ಬಾಯಿ ಬಿಡದ್ದೇ ಒಂದು ಹೆಣ್ಣುಮಗಳ ಬಾಳಿಗೆ ಕಲ್ಲಾಯಿತೇ? 'ಇಲ್ಲ' ಎಂದು ಒಂದು ಸುಳ್ಳು ಹೇಳಿದ್ದರೆ ಅವಳ ಮದುವೆ ನಡೆದುಹೋಗುತ್ತಿತ್ತಲ್ಲವೇ? ಅನ್ನ ಸೇರಲಿಲ್ಲ ನನಗೆ. ಆ ಹುಡುಗಿಯನ್ನು ಅಲ್ಲಿ ನೋಡಿದೆವೆಂದ ಕಾಲಕ್ಕಾಗಲೇ ಕೀಲಿಗಳು ಬಂದಿದ್ದವು; ಅವಳು ನಮ್ಮಲ್ಲಿಗೆ ಬಂದಿದ್ದಳೋ ಇಲ್ಲವೋ ಎಂಬುದೂ ನನಗೆ ನಿಜವಾಗಿ ಗೊತ್ತಿರಲಿಲ್ಲ ನೋಡಿ. ಗೊತ್ತಿಲ್ಲದವಳಿಗಾಗಿ ದುಃಖಪಡುವುದು ನನಗೆ ಹೊಸದಾಗಿತ್ತು.

ಒಂದು ಬೆಳಿಗ್ಗೆ ಬಾಗಿಲಲ್ಲಿ ಮೂವರು ನಿಂತಿದ್ದರು. ಹಸಿರು ಸೀರೆಯ ಒಬ್ಬ ಹುಡುಗಿ, ಅಂಗಿಯ ತೋಳಿಗೆ ಗ್ರೀಸ್ ಕಲೆಯಿದ್ದ ಒಬ್ಬ ಯುವಕ, ಹಿಂದೆ ಟವೆಲ್ ಹೆಗಲಿಗೆ ಹಾಕಿಕೊಂಡ ಒಬ್ಬ ಹಿರಿಯರು.

"ಅಮ್ಮಾರೆ, ನಾನು ಸಿರಿಗೇರಿ ಹುಲಿಗೆಮ್ಮ. ಇವರು ನಮ್ಮಪ್ಪ. ಇವರು..." ಎಂದು ಯುವಕನನ್ನು ತೋರಿಸಿ ನಿಲ್ಲಿಸಿದಳು. ಹೆಸರು ಹಿಡಿದು ಹೇಳಲು ನಾಚಿಕೆ, ಗಂಡನೆನ್ನಲು ಇನ್ನೂ ಅಧಿಕಾರವಿಲ್ಲ.

"ಬಸವರಾಜ ಅದೀನ್ರಿ, ಬಾದನಹಟ್ಟಿ" ಎಂದು ಅವನೇ ಹೇಳಿದ.

"ನನ್ನ ಫೈಲ್ ತಗೀರಿ ಅಮ್ಮಾರೆ. ಇವರ ಮುಂದಾನಾ ತಗೀರಿ. ಎಲ್ಲಾರೂ ಕದ್ದು ಕೇಳಾಕತ್ತಾರ. ನನ್ನ ಮಾತು, ನಾನಾ ತೋರಿಸ್ತೀನಿ."

ಕುರುಗೋಡಿಗೆ ಫೋನ್ ಮಾಡಿದೆ. ನಾಗರತ್ನ ಹೇಳಿದಂತೆಯೇ ಓಡಿ ಬಂದಳು. ಬಸ್ಸಿನಲ್ಲಿ ಇಡೀ ದಾರಿ ಕೀಲಿಯ ಡಬ್ಬಿಯನ್ನು ಎರಡು ಕೈಯಲ್ಲಿ ಹಿಡಿದುಕೊಂಡು. ಪಕ್ಕದವರು ಪ್ರಸಾದವೇ ಎಂದು ಕೇಳಿದರಂತೆ. ಉಳಿದಿದ್ದ ಎರಡೇ ಎರಡು ಕೀಲಿಗಳು ಮೇಜಿನ ಮೇಲೆ ಅಕ್ಕಪಕ್ಕ ಕೂತವು. ಹುಲಿಗೆಮ್ಮ ಒಪ್ಪಿಗೆಗೆ ಸಹಿ ಹಾಕಿದಳು. ನಾನು ನನ್ನ ಕೀಲಿ ಹಚ್ಚಿದೆ. ನಾಗರತ್ನ ತನ್ನದನ್ನು ಎತ್ತಿಕೊಂಡಳು.

"ತಡೀರಿ ಸಿಸ್ಟರ್" ಎಂದ ಬಸವರಾಜ. "ತಗಿಯೂದು ಬ್ಯಾಡ್ರಿ."

ನಾವೆಲ್ಲ ಅವನ ಮುಖ ನೋಡಿದೆವು. ಹುಲಿಗೆಮ್ಮನ ಬಣ್ಣ ಇಳಿದುಹೋಯಿತು.

"ಬಸ್ಸಿನಾಗ ಬರ್ತಾ ಎಲ್ಲಾ ಹೇಳ್ಯಾಳ್ರಿ. ಇವರಪ್ಪ ಮುಂದಿನ ಸೀಟಿನಾಗ ನಿದ್ದಿ ಮಾಡಿದ್ರು. ಆಕಿ ಬಾಯಿಲೆ ಕೇಳೀನಿ. ಮತ್ತ ಕಂಪ್ಯೂಟರ್ ಕೇಳೂದೇನೈತಿ? ತಗದ್ರ ಆಕಿ ಮಾತು ನಾ ನಂಬ್ಲಿಲ್ಲ ಅಂತ ಆಕೈತಿ." ಆಮೇಲೆ ಅವಳ ಕಡೆ ತಿರುಗಿ, "ನಮ್ಮವ್ವಗೂ ನೀನಾ ಹೇಳು. ನಾ ಬಾಜೂಕ ನಿಂತಿರ್ತೀನಿ" ಎಂದ.

ಹುಲಿಗೆಮ್ಮ ಅಳಲಿಲ್ಲ. ದೊಡ್ಡದಾಗಿ ಉಸಿರು ಬಿಟ್ಟು, "ಇರ್ಲಿ ಬಿಡ್ರಿ ಅಮ್ಮಾರೆ. ಬೇಕಾದಾಗ ನಾನಾ ಬರ್ತೀನಿ" ಎಂದಳು. ಅತ್ತದ್ದು ನಾಗರತ್ನ. ಅಷ್ಟು ದೂರದಿಂದ ಬಂದು ಕೀಲಿ ಹಚ್ಚದೆ ವಾಪಸ್ ಹೋಗುವುದಕ್ಕೆ ಅಳುತ್ತೀಯೇನೆಂದು ನಾನು ಅವಳನ್ನು ಛೇಡಿಸಿದೆ, ನನ್ನ ಕಣ್ಣನ್ನೂ ಒರೆಸಿಕೊಂಡೆ. ಅವತ್ತು ನನಗೆ ಒಂದು ಸಂಗತಿ ಸ್ಪಷ್ಟವಾಯಿತು. ಇಷ್ಟು ವರ್ಷ ನಾವು ಗುಟ್ಟು ಮುಚ್ಚಿಡುತ್ತಿದ್ದೇವೆ ಎಂದೇ ತಿಳಿದಿದ್ದೆ. ಹಾಗಲ್ಲ. ಯಾರ ಮಾತೋ ಅವರೇ ಹೇಳುವ ದಿನದವರೆಗೆ ಅದನ್ನು ಕೆಡದಂತೆ ಕಾಯುತ್ತಿದ್ದೆವು. ಆಡಿದರೆ ಹೋಯಿತು ಮಾತು ಎನ್ನುತ್ತಾರೆ. ಅವಳ ಮಾತು ಬೇರೆಯವರ ಬಾಯಲ್ಲಿ ಹೋಗದೆ ಉಳಿದದ್ದಕ್ಕೇ ಬಸ್ಸಿನಲ್ಲಿ ಅವಳ ಬಾಯಿಂದ ಬರುವಂತಾಯಿತು.

ರಫೀಕ್ ಸಾಹೇಬರು ಮೊಮ್ಮಗಳ ಫೋಟೋ ತೋರಿಸುತ್ತ ಗುಂತಕಲ್ಲಿನಿಂದ ಬಂದು ಮೂರು ಹೊಸ ಕೀಲಿ ಮಾಡಿದರು. ಎರ್ರಿಸ್ವಾಮಿಗೆ ಕೊಡುವಾಗ, "ಇದಕ್ಕ ಪೂಜಿ ಮಾಡೂದಿದ್ರ ದೂರದಿಂದ ನಮಸ್ಕಾರ ಅಷ್ಟಾ" ಎಂದು ಎಚ್ಚರಿಸಿದರು. ಅವನು ಹಳೆಯ ಸತ್ತ ಕೀಲಿಯನ್ನು ಕೇಳಿ ಪಡೆದು, ಈಗಲೂ ಆಯುಧಪೂಜೆಗೆ ಅದನ್ನೇ ತಟ್ಟೆಯಲ್ಲಿ ಕೂಡಿಸುತ್ತಾನೆ. ಭಕ್ತಿಗೂ ಭಂಗವಿಲ್ಲ, ದಾಖಲೆಗೂ ಭಯವಿಲ್ಲ.

ಬಸವರಾಜ ಹುಲಿಗೆಮ್ಮರ ಮದುವೆ ಆಯಿತು. ನನ್ನನ್ನು ಕರೆದಿದ್ದರು, ನಾನು ಹೋಗಲಿಲ್ಲ. ನಾನು ಮಂಟಪದಲ್ಲಿ ಕಂಡರೆ ನೋಡಿದವರು ಇವಳಿಗೂ ಈ ಮನೆಗೂ ಏನು ಎಂದು ಕೇಳುತ್ತಾರೆ. ಈ ಕೆಲಸದಲ್ಲಿ ಇಂಥ ಊಟಗಳನ್ನು ಬಿಡಬೇಕಾಗುತ್ತದೆ. ಮುಂದೆ ಅವಳು ಬಸುರಿಯಾದಾಗ ಹೇಳಿದಂತೆ ತಾನೇ ಬಂದಳು. ಹೆರಿಗೆ ಡಾಕ್ಟರು ಮೊದಲು ಯಾವ ಮಾತ್ರೆ ತೆಗೆದುಕೊಂಡಿದ್ದೆ, ಯಾವುದು ಒಗ್ಗಲಿಲ್ಲ ಎಂದು ಕೇಳಿದ್ದರಂತೆ. ಅವಳಿಗೆ ಹೆಸರುಗಳು ನೆನಪಿರಲಿಲ್ಲ. ಹೊಸ ಕೀಲಿಗಳಲ್ಲಿ ಎರಡು ಕೂಡಿದವು, ಕಡತ ತೆರೆಯಿತು. ನಮ್ಮ ಡಾಕ್ಟರು ನೋಡಿ ಬೇಕಾದಷ್ಟನ್ನು ಬರೆದುಕೊಟ್ಟರು. ನಾನು ಗೋಡೆಯ ಕಡೆ ಮುಖ ಮಾಡಿ ನಿಂತಿದ್ದೆ. ಗುಟ್ಟಿಗೆ ಹೆದರಿ ಎಲ್ಲ ಅಳಿಸಿಬಿಡೋಣ ಎನ್ನುವವರು ಪ್ರತಿ ಸಭೆಯಲ್ಲೂ ಒಬ್ಬರಿರುತ್ತಾರೆ. ಅವರಿಗೆ ನಾನು ಊರು ಹೆಸರು ಹೇಳದೆ ಈ ಹೆರಿಗೆಯ ಸಂಗತಿ ಹೇಳುತ್ತಿದ್ದೆ. ತಾಯಿ ಮಗು ಇಬ್ಬರೂ ಚೆನ್ನಾಗಿದ್ದರು.

ನನ್ನ ಬೀಳ್ಕೊಡುಗೆಯ ದಿನ ಕೀಲಿಯನ್ನು ಮುಂದಿನವಳ ಕೈಗೆ ಕೊಟ್ಟೆ. ಶಿವಶಂಕರಪ್ಪನವರು ಎದ್ದು, ಯಾರ ಹೆಸರನ್ನೂ ಹೇಳದೆ, "ಒಂದು ದಿನ ಈಕೆ ನನಗೆ ಇಲ್ಲ ಅಂದಳು. ಅವತ್ತು ಹೂಂ ಅಂದಿದ್ದರೆ ಮರುದಿನದಿಂದ ನಾನೇ ಈಕೆಯನ್ನು ನಂಬುತ್ತಿರಲಿಲ್ಲ" ಎಂದರು. ಹೊದಿಸಿದ ಶಾಲು ಬೀರುವಿನಲ್ಲಿದೆ. ಆ ಮಾತನ್ನು ಮಾತ್ರ ಆಗಾಗ ಹೊದ್ದುಕೊಳ್ಳುತ್ತೇನೆ. ಸಿಟ್ಟಿನ ಡಾಕ್ಟರಮ್ಮ, ಚಹಾ ಕುಡಿಯುತ್ತ ನನ್ನ ಹೆಸರನ್ನು ಮಾಯ ಮಾಡಿ ತೋರಿಸಿದ ರಫೀಕ್ ಸಾಹೇಬರು, ಮೇಲಧಿಕಾರಿಯ ಫೋನನ್ನೇ ಇಟ್ಟುಬಿಟ್ಟ ನಾಗರತ್ನ, ಕಾಯಿ ಒಡೆದ ಎರ್ರಿಸ್ವಾಮಿ ಕೂಡ. ಇವರೆಲ್ಲರ ಋಣ ನನ್ನ ಮೇಲಿದೆ. ಇವರಿಲ್ಲದಿದ್ದರೆ ನಾನು ಊರಿನ ನೋವನ್ನೆಲ್ಲ ತಲೆಯಲ್ಲಿ ಹೊತ್ತುಕೊಂಡೇ ಮನೆಗೆ ಬರಬೇಕಿತ್ತು. ಖಾಲಿ ತಲೆಯಲ್ಲಿ ಬಂದೆ.

ಕೆಲವು ತಿಂಗಳ ಹಿಂದೆ ಒಂದು ಮಧ್ಯಾಹ್ನ ಮನೆಯ ಬಾಗಿಲು ಬಡಿದ ಸದ್ದಾಯಿತು. ತೆರೆದರೆ ನೀಲಮ್ಮ. ಸ್ವಲ್ಪ ಇಳಿದುಹೋಗಿದ್ದರು. ಈ ಸಲ ಮೆಣಸಿನಕಾಯಿ ಚೀಲ ಇರಲಿಲ್ಲ. ಕಿರಿಯ ಮಗನಿಗೆ ಹೆಣ್ಣು ನೋಡುತ್ತಿರಬೇಕು, ಮತ್ತೆ ವಿಚಾರಣೆಗೆ ಬಂದಿರಬೇಕು ಎಂದುಕೊಂಡು, ಒಳಗೆ ಕೂಡಿಸಿ ನೀರು ಕೊಟ್ಟು, ಅವರು ಬಾಯಿ ತೆರೆಯುವ ಮೊದಲೇ ಹೇಳಿದೆ:

"ಅಕ್ಕಾರೆ, ಈಗಂತೂ ನನ್ನ ಹತ್ರ ಕೀಲಿನೂ ಇಲ್ಲ. ನನಗ ಏನೂ ಗೊತ್ತಿಲ್ರಿ."

"ನಾ ಕೇಳಾಕ ಬಂದಿಲ್ಲವ್ವಾ" ಎಂದರು. ಲೋಟ ಕೈಯಲ್ಲೇ ಇತ್ತು, ನೀರು ಕುಡಿದಿರಲಿಲ್ಲ. "ನಾ ತೋರಿಸ್ಕೊಬೇಕು. ಮನ್ಯಾಗ ಯಾರಿಗೂ ಗೊತ್ತಿಲ್ಲ. ಸೊಸಿಗೂ ಹೇಳಿಲ್ಲ, ತಮ್ಮಗೂ ಹೇಳಿಲ್ಲ. ಅವತ್ತು ನಾ ಅಷ್ಟು ಅತ್ತರೂ ನೀ ನನಗ ಹೇಳ್ಲಿಲ್ಲಲ್ಲ, ಅದಕ್ಕಾ ನಿನ್ನ ಹತ್ರ ಬಂದೀನಿ."

ನಾನು ಸೆರಗು ಸರಿಪಡಿಸಿಕೊಂಡು ಚಪ್ಪಲಿ ಮೆಟ್ಟಿದೆ. ಆಟೋ ಹಿಡಿದು ಆಸ್ಪತ್ರೆಯ ಬಾಗಿಲವರೆಗೆ ಜೊತೆಗೆ ಹೋದೆ. ಅಲ್ಲಿಂದ ಮುಂದೆ ಅವರೊಬ್ಬರೇ ಹೋದರು. ಆಮೇಲೆ ಗೆಲುವಾಗಿ ಮನೆಗೆ ಬಂದು, ನಾನು ಇದನ್ನು ಬರೆಯಲೇ ಎಂದು ಕೇಳಿದಾಗ, "ಬರಿಯವ್ವಾ, ಯಾರಿಗರ ಅನುಕೂಲ ಆಗ್ಲಿ. ಈಗ ಸೊಸಿಗೂ ತಮ್ಮಗೂ ನಾನಾ ಹೇಳೀನಿ" ಎಂದರು. ಶುರುವಿನಲ್ಲಿ ಹೇಳಿದ ಮೂವರಲ್ಲಿ ಮೂರನೆಯವರು ಅವರೇ.

ಅವರಿಗೆ ಏನಾಗಿತ್ತು ಎಂದು ಕೇಳಬೇಡಿ. ನನಗೆ ಗೊತ್ತಿಲ್ಲ.